ಅದು ಚಿಟ್ಟೆಯಲ್ಲ, ಪತಂಗ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ಬಣ್ಣದ ಚಿಟ್ಟೆ’ ಅಂತ ಒಂದು ಫೋಟೊ ಹಾಕಿದ್ದೀರಿ. ಬಿಳಿ ರೆಕ್ಕೆ, ಮೇಲೆಲ್ಲ ಕೆಂಪು, ಕಪ್ಪು ಚುಕ್ಕೆ. ಫೋಟೊ ತುಂಬಾ ಚೆನ್ನಾಗಿದೆ. ಆದರೆ ಅದು ಚಿಟ್ಟೆಯಲ್ಲ, ಪತಂಗ. ಹೆಸರು ಯುಟೆಥೈಸಾ ಪುಲ್ಚೆಲ್ಲಾ. ಪುಲ್ಚೆಲ್ಲಾ ಎಂಬುದು 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೊಟ್ಟಿದ್ದು. ಪುಟ್ಟ ಚೆಲುವೆ ಅಂತ ಅರ್ಥ.

ಹಗಲಲ್ಲೂ ಹಾರುತ್ತದೆ, ಅದಕ್ಕೇ ಎಷ್ಟೋ ಜನ ಚಿಟ್ಟೆ ಅಂದುಕೊಳ್ಳುತ್ತಾರೆ. ನಿಮ್ಮ ಫೋಟೊದಲ್ಲೇ ಅದರ ಮೀಸೆ ನೋಡಿ. ದಾರದಷ್ಟು ಸಪೂರ. ಚಿಟ್ಟೆಗಾದರೆ ತುದಿಯಲ್ಲಿ ಗುಂಡಿಯ ಹಾಗೆ ದಪ್ಪ ಇರುತ್ತಿತ್ತು. ಕೂತಾಗ ಇದು ರೆಕ್ಕೆಯನ್ನು ಮೈಗೆ ಸುತ್ತಿಕೊಳ್ಳುತ್ತದೆ. ಆಗ ಉಗುರಿಗಿಂತ ತುಸು ಉದ್ದದ ಚುಕ್ಕೆ ಚುಕ್ಕೆ ಕಡ್ಡಿ, ಅಷ್ಟೇ. ಬೆಚ್ಚಿ ಎದ್ದರೆ ಮಾತ್ರ ಹಿಂದಿನ ರೆಕ್ಕೆಯ ಕಪ್ಪು ಅಂಚು ಕಾಣಿಸುತ್ತದೆ. ನಾಲ್ಕು ಮಾರು ಹಾರಿ ಮತ್ತೆ ಹುಲ್ಲಿನಲ್ಲಿ ಕೂತುಬಿಡುತ್ತದೆ.

ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು. ಒಮ್ಮೆ ಹಸಿರು ಗೊಬ್ಬರಕ್ಕೆ ಬೆಳೆಯುವ ಅಪ್ಸೆಣಬಿನ ಗಿಡದಲ್ಲಿ ಇದರ ಹುಳು ಸಿಕ್ಕಿತ್ತು. ಎಲೆ ಸಮೇತ ಗಾಜಿನ ಬಾಟಲಿಗೆ ಹಾಕಿ ತರಗತಿಗೆ ಒಯ್ದೆ. ಕಪ್ಪು ಮೈ, ಬೆನ್ನುದ್ದಕ್ಕೂ ಬಿಳಿ ಗೆರೆ, ನಡುನಡುವೆ ಕಿತ್ತಳೆ ಮಚ್ಚೆ, ಅಲ್ಲಲ್ಲಿ ಕೂದಲು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಇಷ್ಟು ಎದ್ದು ಕಾಣತ್ತಲ್ಲ ಮಿಸ್, ಹಕ್ಕಿ ತಿಂದುಬಿಡಲ್ವಾ?’

ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ! ಆ ಗಿಡದಲ್ಲಿ ವಿಷ ಇದೆ. ಹುಳು ಅದನ್ನು ತಿಂದು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಪತಂಗವಾದ ಮೇಲೂ ಅದು ಹೋಗುವುದಿಲ್ಲ. ಕೆಂಪು, ಕಪ್ಪು ಚುಕ್ಕೆ ಸುಮ್ನೆ ಚಂದಕ್ಕಲ್ಲ, ‘ನನ್ನನ್ನು ಮುಟ್ಟಬೇಡ’ ಅನ್ನುವ ಎಚ್ಚರಿಕೆ. ಅಮೆರಿಕದಲ್ಲಿ ಇದರದೇ ಕುಲದ ಇನ್ನೊಂದು ಪತಂಗವಿದೆ. ಅದು ಬಲೆಗೆ ಬಿದ್ದರೆ ಜೇಡ ಓಡಿ ಬರುತ್ತದೆ, ಮುಟ್ಟಿ ನೋಡುತ್ತದೆ, ಆಮೇಲೆ ತಾನೇ ಎಳೆ ಕತ್ತರಿಸಿ ಬಿಟ್ಟುಬಿಡುತ್ತದೆ. ಇದನ್ನು ಹೇಳಿದ ದಿನ ಗಂಟೆ ಹೊಡೆದರೂ ಮಕ್ಕಳು ಎದ್ದಿರಲಿಲ್ಲ.

ನಮ್ಮ ದೇಶದಲ್ಲಷ್ಟೇ ಇರುವ ಜೀವಿಯೂ ಅಲ್ಲ ಇದು. ಆಫ್ರಿಕಾ, ದಕ್ಷಿಣ ಯುರೋಪ್, ಪಶ್ಚಿಮ ಏಷ್ಯಾ, ಎಲ್ಲ ಕಡೆ ಇದೆ. ಕೆಲವು ವರ್ಷ ಸಮುದ್ರ ದಾಟಿ ಇಂಗ್ಲೆಂಡಿನವರೆಗೂ ಹೋಗುತ್ತದೆ. ಅಷ್ಟು ಸಣ್ಣ ರೆಕ್ಕೆಯಲ್ಲಿ!

ಪತಂಗ ಅಂದರೆ ದೀಪಕ್ಕೆ ಮುತ್ತುವ ಬೂದು ಹುಳು ಅಂತಲೇ ಮಕ್ಕಳು ತಿಳಿದಿದ್ದಾರೆ. ಚಂದ ಇದ್ದದ್ದಕ್ಕೆಲ್ಲ ನಾವು ಚಿಟ್ಟೆ ಅಂತ ಹೆಸರು ಹಾಕಿದರೆ ಅವರು ಬೇರೆ ಏನು ತಿಳಿದಾರು? ದಯವಿಟ್ಟು ಮುಂದಿನ ಭಾನುವಾರ ಅದೇ ಫೋಟೊವನ್ನು ಅಷ್ಟೇ ದೊಡ್ಡದಾಗಿ, ಪತಂಗ ಅಂತ ಬರೆದು ಹಾಕಿ. ಫೋಟೊ ತೆಗೆದವರಿಗೂ ಒಂದು ಮಾತು: ಆ ಜಾಗಕ್ಕೆ ಇನ್ನೊಮ್ಮೆ ಹೋಗಿ. ಹತ್ತಿರದಲ್ಲಿ ಅಪ್ಸೆಣಬು ಇದ್ದರೆ ಎಲೆ, ಕಾಯಿ ತಿರುವಿ ನೋಡಿ. ಹುಳು ಸಿಕ್ಕರೆ ಅದರದ್ದೂ ಒಂದು ಫೋಟೊ ಕಳಿಸಿ.

– ನಿವೃತ್ತ ವಿಜ್ಞಾನ ಶಿಕ್ಷಕಿ