ಗೇಟಿನ ಬೀಗ ಕೂರಿಸುವ ಕೂಲಿ ಬೇರೆಯಾಗಿ ಬರೆಯಿರಿ

ಮಾನ್ಯ ಸಂಪಾದಕರೇ,

ಕಣದಲ್ಲಿ ಕಾಫಿ, ಮೆಣಸು ಒಣಗುವ ದಿನಗಳು ಬಂದರೆ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದವರು ಗೇಟಿಗೆ ಗಟ್ಟಿ ಬೀಗ ಹುಡುಕುತ್ತಾರೆ. ಬೀಗಕ್ಕೆ ಕೇಳಿದಷ್ಟು ಕೊಡುತ್ತಾರೆ, ಅದನ್ನು ಕೂರಿಸುವ ಕೆಲಸಕ್ಕೆ ಮಾತ್ರ ಬೆಲೆಯಿಲ್ಲ. ಗೇಟ್ ಕೆಲಸಕ್ಕೆ ಸಾಮಾನ್ಯವಾಗಿ ಕಬ್ಬಿಣದ ಕಿಲೋ ಲೆಕ್ಕದಲ್ಲಿ ಕೂಲಿ. ಬೀಗದ ಪೆಟ್ಟಿಗೆ, ನಾಲಿಗೆ ಸೇರುವ ಕಂಬದ ಗೂಡು, ಹೊರಗಿನವರ ಕೈ ತೂರದಂತೆ ಹಾಕುವ ಮರೆ-ತಗಡು ಎಲ್ಲ ಸೇರಿದರೂ ತೂಕ ಎರಡು ಮೂರು ಕಿಲೋ. ನೆಟ್ಟಗೆ ಮಾಡಲು ಬೇಕಾಗುವುದು ಅರ್ಧ ದಿನ. ಹಾಗಾಗಿ ಗೇಟ್ ಇನ್ನೂ ವರ್ಕ್‌ಶಾಪಿನ ನೆಲದ ಮೇಲೆ ಮಲಗಿರುವಾಗಲೇ ಬೀಗ ಬೆಸೆದು ಕಳಿಸುವುದು ರೂಢಿಯಾಗಿದೆ. ಮುಂದಿನ ತಾಪತ್ರಯಗಳಲ್ಲಿ ಹೆಚ್ಚಿನವು ಅಲ್ಲೇ ಹುಟ್ಟುತ್ತವೆ.

ಮಲಗಿಸಿದಾಗ ನೇರವಾಗಿದ್ದ ಗೇಟ್ ಕಂಬಕ್ಕೆ ತೂಗಿದ ಮೇಲೆ ತುದಿಯಲ್ಲಿ ಇಳಿಯುತ್ತದೆ. ಮೂರು ನಾಲ್ಕು ಮಿ.ಮೀ. ಇಳಿದರೂ ಸಾಕು, ಬೀಗದ ನಾಲಿಗೆ ಗೂಡಿಗೆ ಸೇರದು. ಒಂದು ಕೈಯಲ್ಲಿ ಗೇಟ್ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬೀಗ ತಿರುಗಿಸುವ ಮನೆಗಳು ಊರೂರಿನಲ್ಲಿವೆ. ಮೊದಲು ಕಂಬದ ಕಾಂಕ್ರೀಟ್ ಕನಿಷ್ಠ ಒಂದು ವಾರ ನೀರು ಕುಡಿದು ಗಟ್ಟಿಯಾಗಲಿ. ಹಿಂಜ್ ಪೂರ್ತಿ ಬೆಸೆದು, ಗೇಟ್ ತೂಗಿಸಿ, ಹತ್ತಾರು ಸಲ ತೆರೆದು ಮುಚ್ಚಿ ನೋಡಿ. ಕಂಬಕ್ಕೂ ಬಾಗಿಲಿಗೂ ನಡುವೆ 6ರಿಂದ 8 ಮಿ.ಮೀ. ಸಂದು ಇರಲಿ. ಆಮೇಲೆ ಬೀಗದ ಖಾಲಿ ಪೆಟ್ಟಿಗೆಗೆ ನಾಲ್ಕು ಮೂಲೆಯಲ್ಲಿ ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ) ಮಾತ್ರ ಹೊಡೆಯಬೇಕು. ಬೀಗ ಒಳಗಿಟ್ಟು ನಾಲಿಗೆಯ ತುದಿಗೆ ಸೀಮೆಸುಣ್ಣ ಬಳಿದು ಕಂಬಕ್ಕೆ ತಾಗಿಸಿದರೆ ಗೂಡಿನ ಜಾಗ ತಾನೇ ಗುರುತಾಗುತ್ತದೆ. ಗೂಡನ್ನು ನಾಲಿಗೆಗಿಂತ ಮೇಲೆ 3, ಕೆಳಗೆ 3 ಮಿ.ಮೀ. ದೊಡ್ಡದಾಗಿ ಕೊರೆಯಿರಿ, ವರ್ಷಗಳಲ್ಲಿ ಗೇಟ್ ಇನ್ನಷ್ಟು ಇಳಿಯದೇ ಇರುವುದಿಲ್ಲ. ನಾಲಿಗೆ ಗೂಡಿನೊಳಗೆ 15 ಮಿ.ಮೀ. ಆದರೂ ಹೋಗಲೇಬೇಕು. ಅದಕ್ಕಿಂತ ಕಡಿಮೆಯಾದರೆ ಹಾರೆ ತುದಿಯಿಟ್ಟು ಕಂಬ ಬಾಗಿಲು ಅಗಲಿಸಿದಾಗ ಕಳಚಿಕೊಳ್ಳುತ್ತದೆ.

ಗುರುತಾದ ಮೇಲೆ ಬೀಗ ಹೊರತೆಗೆಯಿರಿ, ಬೆಸೆಯುವಾಗ ಅದು ಪೆಟ್ಟಿಗೆಯೊಳಗೆ ಇರಲೇಬಾರದು. ಒಳಗಿನ ಸಣ್ಣ ಸ್ಪ್ರಿಂಗುಗಳು ಕಾದರೆ ಬಿಗಿ ಕಳೆದುಕೊಳ್ಳುತ್ತವೆ, ಗ್ರೀಸ್ ಸುಟ್ಟು ಅಂಟಾಗುತ್ತದೆ. ಅಗ್ಗದ ಬೀಗಗಳ ಒಡಲು ಸತುವಿನ ಎರಕದ್ದು. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ. ಹಾಗೆ ಕಾದ ಬೀಗ ಮೊದಲ ವಾರ ತಿರುಗುತ್ತದೆ, ಮಳೆಗಾಲದಲ್ಲಿ ಕೈ ಕೊಡುತ್ತದೆ. ಬೈಗುಳ ಮಾತ್ರ ಬೀಗ ಮಾರಿದ ಅಂಗಡಿಯವರಿಗೆ.

ಈಗಿನ ಗೇಟುಗಳ ಪೈಪ್ ಬಹುಪಾಲು 16 ಗೇಜ್, ಅಂದರೆ 1.6 ಮಿ.ಮೀ. ದಪ್ಪ. ಅದಕ್ಕೆ 3.15 ಮಿ.ಮೀ. ವೆಲ್ಡಿಂಗ್ ರಾಡ್ ಹಿಡಿದರೆ ತೂತು ಬೀಳುತ್ತದೆ, ತೂತು ಮುಚ್ಚಲು ಸುರಿದ ಲೋಹ ನೋಡಲು ದಪ್ಪ, ಹಿಡಿತ ಇಲ್ಲ. 2.5 ಮಿ.ಮೀ. ರಾಡ್, 60ರಿಂದ 80 ಆಂಪ್ಸ್, ಒಂದೊಂದು ಸಲಕ್ಕೆ ಅರ್ಧ ಇಂಚು, ಈ ಬದಿ ಒಮ್ಮೆ, ಎದುರು ಬದಿ ಒಮ್ಮೆ. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಪೈಪ್ ಆ ಕಡೆಗೆ ಎಳೆದುಕೊಂಡು ಬೀಗ ಓರೆಯಾಗುತ್ತದೆ. ಬೀಗ ಕೂರುವ ಜಾಗದಲ್ಲಿ ಪೈಪಿಗೆ 3 ಮಿ.ಮೀ. ತಗಡು ಹೊದಿಸಿ ಅದರ ಮೇಲೆ ಪೆಟ್ಟಿಗೆ ಕೂರಿಸುವುದು ಉತ್ತಮ. ಜಿ.ಐ. ಪೈಪಾದರೆ ಬೆಸೆಯುವ ಜಾಗದ ಸುತ್ತ ಒಂದು ಇಂಚು ಸತುವಿನ ಲೇಪ ಉಜ್ಜಿ ತೆಗೆಯಿರಿ. ಸತು ಸುಟ್ಟು ಏಳುವ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಅರ್ತ್ ಕ್ಲ್ಯಾಂಪನ್ನು (ಕರೆಂಟನ್ನು ವೆಲ್ಡಿಂಗ್ ಯಂತ್ರಕ್ಕೆ ಮರಳಿಸುವ ತಂತಿಯ ಹಿಡಿಕೆ) ಕಂಬಕ್ಕೆ ಸಿಕ್ಕಿಸದೆ ಬೆಸೆಯುವ ಬಾಗಿಲಿಗೇ ಹತ್ತಿರದಲ್ಲಿ ಹಾಕಬೇಕು. ಇಲ್ಲದಿದ್ದರೆ ಕರೆಂಟ್ ಹಿಂಜಿನ ಮೂಲಕ ಹರಿದು ಬೇರಿಂಗ್ ಗುಂಡುಗಳನ್ನು ಸುಡುತ್ತದೆ.

ಎಷ್ಟೇ ಒಳ್ಳೆಯ ಬೀಗವಿದ್ದರೂ ಎರಡೂ ಹಿಂಜಿನ ಪಿನ್ನು ಮೇಲ್ಮುಖವಾಗಿದ್ದರೆ ಗೇಟನ್ನು ಬೀಗದ ಸಮೇತ ಎತ್ತಿ ಪಕ್ಕಕ್ಕಿಡಬಹುದು. ಇದನ್ನು ನೋಡುವವರು ಕಡಿಮೆ. ಮೇಲಿನ ಪಿನ್ನನ್ನು ತಲೆಕೆಳಗಾಗಿ ಕೂರಿಸಿ, ಇಲ್ಲವೇ ಗೇಟ್ ತೂಗಿಸಿದ ಮೇಲೆ ಪಿನ್ನಿನ ತುದಿಗೆ ವಾಷರ್ ಬೆಸೆಯಿರಿ. ಸರಳುಗಳ ಸಂದಿನಲ್ಲಿ ಕೈ ತೂರಿಸಿ ಬೀಗದ ಕೈಯಿಲ್ಲದೆ ಒಳಗಿನಿಂದ ತೆರೆಯುವ ಗುಬ್ಬಿ (ನಾಬ್) ತಿರುಗಿಸದಂತೆ ಬೀಗದ ಸುತ್ತ ಒಂದು ಅಡಿ ಮರೆ-ತಗಡು ಬೇಕು. ಆ ಗುಬ್ಬಿ ಬೇಡವೆಂದು ತೆಗೆಸುವವರಿದ್ದಾರೆ. ರಾತ್ರಿ ಬೆಂಕಿ ಬಿದ್ದರೆ ಒಳಗಿನವರು ಬೀಗದ ಕೈ ಹುಡುಕುತ್ತಾ ನಿಲ್ಲಬೇಕಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಮಲೆನಾಡಿನ ಮಳೆಗೆ ಪೆಟ್ಟಿಗೆಯ ಮೇಲ್ಭಾಗ ಸಂದಿಲ್ಲದಂತೆ ಬೆಸೆದಿರಬೇಕು, ನೀರು ಇಳಿದುಹೋಗಲು ತಳದಲ್ಲಿ 6 ಮಿ.ಮೀ. ತೂತು ಇರಬೇಕು. ಬೆಸುಗೆಯ ಮೇಲೆ ಕಟ್ಟುವ ಕಿಟ್ಟ ಬಡಿದು ತೆಗೆಯದೆ ಬಣ್ಣ ಬಳಿದರೆ ಬಣ್ಣ ಒಂದೇ ಮಳೆಗಾಲಕ್ಕೆ ಕಿಟ್ಟದ ಜೊತೆ ಉದುರುತ್ತದೆ. ಬೀಗದ ಕಿಂಡಿಗೆ ಎಣ್ಣೆ ಬಿಡಬೇಡಿ, ಧೂಳು ಸೇರಿ ಕೆಸರಾಗುತ್ತದೆ. ಗ್ರಾಫೈಟ್ ಪುಡಿ ಸಾಕು.

ಗೇಟ್ ಮಾಡಿಸುವವರು, ಶಾಲೆ ಅಂಗನವಾಡಿಗಳ ಕಾಂಪೌಂಡಿಗೆ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರರು, ಬೀಗ ಕೂರಿಸುವ ಕೂಲಿಯನ್ನು ಕಿಲೋ ಲೆಕ್ಕದಿಂದ ಹೊರಗಿಟ್ಟು ಬೇರೆ ಸಾಲಿನಲ್ಲಿ ಬರೆಯಬೇಕು. ತಗಡಿನ ದಪ್ಪ, ಮೇಲಿನ ಹಿಂಜಿಗೆ ತಡೆ, ಗೇಟ್ ತೂಗಿದ ಮೇಲೆಯೇ ಬೀಗ ಎಂಬ ಷರತ್ತು, ಇಷ್ಟೂ ಆ ಸಾಲಿನಲ್ಲಿರಲಿ. ಬೀಗ ಐದು ಸಲ ಸಲೀಸಾಗಿ ತಿರುಗಿದ್ದನ್ನು ನೋಡಿದ ಮೇಲೆ ಬಿಲ್ ಪಾಸು ಮಾಡಲಿ.

— ವೆಲ್ಡಿಂಗ್ ಕೆಲಸಗಾರರು, ಚಿಕ್ಕಮಗಳೂರು