ಗ್ಲೌಸ್ ಕೊಳ್ಳುವ ಮುಂಚೆ ಒಮ್ಮೆ ಓದಿ

ಗೆಳೆಯರೇ, ಗುಡ್ಡದ ಹಾದಿಗೆ ಹೊಸದಾಗಿ ಸೈಕಲ್ ಇಳಿಸುತ್ತಿರುವ ಹಲವರು ಗ್ಲೌಸ್ ಬಗ್ಗೆ ಕೇಳಿದ್ದೀರಿ. ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ.

ಬೆರಳು ಪೂರ್ತಿ ಮುಚ್ಚುವುದನ್ನೇ ತಗೊಳ್ಳಿ. ಬೀಳುವಾಗ ಮೊದಲು ಕೈ ಊರುತ್ತೇವೆ, ಅಲ್ವಾ? ಕಳೆದ ಸಲ ನಾನು ಬಿದ್ದೆದ್ದಾಗ ಗ್ಲೌಸಿನ ಅಂಗೈಯಲ್ಲಿ ಮೂರು ಕಲ್ಲುಚೂರು ನಾಟಿಕೊಂಡಿದ್ದವು. ಚರ್ಮ ತರಚಿರಲಿಲ್ಲ. ಆದರೆ ಗ್ಲೌಸ್ ಕಾಯುವುದು ಚರ್ಮವನ್ನು, ಮಣಿಕಟ್ಟಿನ ಮೂಳೆಯನ್ನಲ್ಲ. ಅದು ನೆನಪಿರಲಿ.

ಅಳತೆಗೆ ಹೆಬ್ಬೆರಳು ಬಿಟ್ಟು, ಬೆರಳ ಬುಡದ ಗೆಣ್ಣುಗಳ ಮೇಲೆ ಹಾಯುವಂತೆ ಅಂಗೈ ಸುತ್ತ ಟೇಪ್ ಹಿಡಿಯಿರಿ. ಒಂದೊಂದು ಕಂಪನಿಯ ಮೀಡಿಯಂ ಒಂದೊಂದು ಥರ, ಹಾಗಾಗಿ ಅವರವರ ಪಟ್ಟಿ ನೋಡಲೇಬೇಕು. ಹಾಕಿಕೊಂಡು ಹ್ಯಾಂಡಲ್ ಹಿಡಿದು ನೋಡಿ. ಅಂಗೈಯಲ್ಲಿ ಬಟ್ಟೆ ಮಡಿಕೆ ಬಿದ್ದರೆ ಬೇಡ, ಬೊಬ್ಬೆ ಏಳುವುದು ಅಲ್ಲೇ. ತೋರುಬೆರಳಲ್ಲಿ ಬ್ರೇಕ್ ಎಳೆಯಿರಿ. ತುದಿಯ ಹೊಲಿಗೆ ಉಗುರಿಗೆ ಒತ್ತಬಾರದು.

ಪ್ಯಾಡ್ ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಸುಮ್ನೆ ನಂಬಬೇಡಿ. ದಪ್ಪ ಜಾಸ್ತಿಯಾದರೆ ಹಿಡಿತ ಸಡಿಲ, ಮುಂಗೈ ಬೇಗ ಸೋಲುತ್ತದೆ. ಕಿರುಬೆರಳ ಕಡೆ, ಅಂಗೈ ಬುಡದಲ್ಲಿ ಒಂದು ನರ ಹಾದುಹೋಗುತ್ತದೆ. ಅದು ಒತ್ತಿಕೊಂಡರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಅಲ್ಲಿ ತೆಳುವಾದ ಪ್ಯಾಡ್ ಸಾಕು. ಆಮೇಲೂ ಜೋಮು ಹಿಡಿದರೆ ಹ್ಯಾಂಡಲ್, ಸೀಟಿನ ಎತ್ತರ ನೋಡಿಸಿ, ಇನ್ನೊಂದು ಗ್ಲೌಸ್ ಕೊಳ್ಳಬೇಡಿ.

ಮರ, ಪೊದೆ ಒತ್ತಾಗಿರುವ ಇಳಿಜಾರಿಗೆ ಹೋಗುವವರು ಗೆಣ್ಣಿನ ಮೇಲೆ ಗಾರ್ಡ್ ಇರುವುದನ್ನು ಆರಿಸಿ. ಮಾಮೂಲಿಗೆ ಮೆತ್ತಗಿದ್ದು, ಪೆಟ್ಟು ಬಿದ್ದ ಕ್ಷಣ ಗಟ್ಟಿಯಾಗುವಂಥದ್ದೂ ಸಿಗುತ್ತದೆ. ಸೆಕೆ ಜಾಸ್ತಿಯಾದರೆ ಹಿಂಗೈ ಕಡೆ ಜಾಲರಿ ಬಟ್ಟೆ ಇರಲಿ. ಒಗೆದ ಮೇಲೆ ನೆರಳಲ್ಲೇ ಒಣಗಿಸಿ.