ಬಯಾಪ್ಸಿಗೆ ಹೊರಟಿರುವ ಪುಟ್ಟಿಗೆ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮುಂದಿನ ಸೋಮವಾರ ನಿನಗೆ ಲಿವರ್ ಬಯಾಪ್ಸಿ, ಅಂದರೆ ಯಕೃತ್ತಿನ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ, ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಕೀಲುವಾತಕ್ಕೆಂದು ನೀನು ಆರು ವರ್ಷದಿಂದ ವಾರಕ್ಕೊಮ್ಮೆ ನುಂಗುತ್ತಿರುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೇ ಹದಿನಾಲ್ಕು ವರ್ಷ ನುಂಗಿ, ಇದೇ ಪರೀಕ್ಷೆಗೆ ಒಮ್ಮೆ ಮೈಯೊಡ್ಡಿದವಳು ನಾನು. ಆದ್ದರಿಂದ ಕೆಲವು ಮಾತುಗಳನ್ನು ನಿನಗೆ ಬರೆದೇ ತಿಳಿಸಬೇಕೆನ್ನಿಸಿತು.

ಬಯಾಪ್ಸಿ ಎಂದೊಡನೆ ಮನೆಯವರು ಕ್ಯಾನ್ಸರ್ ಎಂದು ಗಾಬರಿಯಾಗಿದ್ದಾರಂತೆ. ಇದು ಅದರ ಹುಡುಕಾಟವಲ್ಲ. ಈ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರ ಯಕೃತ್ತಿನಲ್ಲಿ ಕೊಬ್ಬು ಸೇರಿ, ಮಾಯ್ದ ಗಾಯದ ಕಲೆಯಂತೆ ಗಟ್ಟಿ ನಾರು ಬೆಳೆಯುವುದುಂಟು; ಸಕ್ಕರೆ ಕಾಯಿಲೆ, ಬೊಜ್ಜು, ಮದ್ಯಪಾನ ಇದ್ದರೆ ಆ ಸಂಭವ ಇನ್ನೂ ಹೆಚ್ಚು. ಕೀಲುವಾತದವರಿಗೆಲ್ಲ ಬಯಾಪ್ಸಿ ಬೇಕಿಲ್ಲ. 1994ರಲ್ಲಿ ಅಮೆರಿಕದ ಕೀಲುರೋಗ ತಜ್ಞರು ಹೊರಡಿಸಿದ ಸೂಚನೆಯ ಪ್ರಕಾರ, ಮಾತ್ರೆ ನುಂಗುತ್ತಿರುವಾಗಿನ ರಕ್ತಪರೀಕ್ಷೆಗಳಲ್ಲಿ ಲಿವರ್ ಕಿಣ್ವ ಮತ್ತೆ ಮತ್ತೆ ಏರಿದರೆ, ಇಲ್ಲವೇ ಯಕೃತ್ತು ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನು ಇಳಿದರೆ ಮಾತ್ರ ಅದನ್ನು ಮಾಡಿಸಬೇಕು. ಈಗ ಸೂಜಿಯಿಲ್ಲದೆ ಯಕೃತ್ತಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಕೂಡ ಇದೆ. ‘ನನ್ನ ವಿಷಯದಲ್ಲಿ ಅದು ಸಾಲದೇ ಡಾಕ್ಟರೇ?’ ಎಂದು ಸಂಕೋಚವಿಲ್ಲದೆ ಕೇಳು, ಕೇಳುವುದು ಅವಿಶ್ವಾಸವಲ್ಲ.

ಮೊದಲು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಪ್ಲೇಟ್‌ಲೆಟ್ ಎಣಿಕೆಯನ್ನೂ ನೋಡುತ್ತಾರೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಗಳನ್ನು ಕೆಲವು ದಿನ ಮುಂಚೆಯೇ ನಿಲ್ಲಿಸಲು ಹೇಳಬಹುದು. ಆ ದಿನಗಳಲ್ಲಿ ನಿನ್ನ ಬೆರಳುಗಳ ನೋವು ಕೆರಳುವುದು ಖಚಿತವಾದ್ದರಿಂದ, ಬದಲಿಗೆ ಏನು ನುಂಗಬಹುದೆಂದು ಈಗಲೇ ಬರೆಸಿಕೋ. ಅತ್ತೆಯವರು ಕಾಯಿಸಿಕೊಡುವ ಅಮೃತಬಳ್ಳಿ ಕಷಾಯದ ಸಂಗತಿಯನ್ನೂ ವೈದ್ಯರಿಂದ ಮುಚ್ಚಿಡಬೇಡ. ಕೋವಿಡ್ ಕಾಲದಲ್ಲಿ ಆ ಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ರೋಗಿಗಳ ಬಗ್ಗೆ ಮುಂಬೈನ ವೈದ್ಯರು ವರದಿ ಮಾಡಿದ್ದರು. ಅತ್ತೆಯವರದು ಪ್ರೀತಿಯೇ ಇರಬಹುದು, ಆದರೆ ಪರೀಕ್ಷೆ ಮುಗಿದು ವೈದ್ಯರು ಒಪ್ಪುವವರೆಗೆ ಅದನ್ನು ಕುಡಿಯಬೇಡ.

ಇನ್ನು ಆ ದಿನದ ಮಾತು. ಹೊಟ್ಟೆ ಖಾಲಿಯಿಟ್ಟುಕೊಂಡು ಹೋಗಬೇಕು. ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಹಿಂದಕ್ಕೆ ಇಡಿಸಿ, ಸ್ಕ್ಯಾನ್ ಮಾಡಿ, ಬಲ ಪಕ್ಕೆಲುಬುಗಳ ನಡುವೆ ಜಾಗ ಗುರುತಿಸಿ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ನಂತರ ‘ಉಸಿರು ಹೊರಗೆ ಬಿಟ್ಟು ಹಿಡಿದುಕೊಳ್ಳಿ’ ಎನ್ನುತ್ತಾರೆ. ಪಟ್ ಎಂದು ಒಂದು ಸದ್ದು, ಒಂದು ಒತ್ತು, ಅಷ್ಟೇ. ಸೂಜಿ ಒಳಗಿರುವುದು ಒಂದೆರಡು ಸೆಕೆಂಡು. ನನ್ನಿಂದ ತೆಗೆದ ಚೂರನ್ನು ನರ್ಸ್ ಸಣ್ಣ ಬಾಟಲಿಯಲ್ಲಿ ತೋರಿಸಿದ್ದರು: ಒಂದು ತುಂಡು ಶಾವಿಗೆಯಷ್ಟು, ಕಂದುಗೆಂಪು ಬಣ್ಣದ್ದು. ಅಷ್ಟಕ್ಕಾಗಿ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ.

ನಿಜವಾದ ಕಷ್ಟ ಸೂಜಿಯದ್ದಲ್ಲ, ನಮ್ಮ ಕೀಲುಗಳದ್ದು. ಬಿಗಿದ ಭುಜವನ್ನು ತಲೆಯ ಮೇಲೆತ್ತಿ ಹತ್ತು ನಿಮಿಷ ಇಡುವುದು, ಆಮೇಲೆ ಬಲಮಗ್ಗುಲಲ್ಲಿ ಒಂದೆರಡು ಗಂಟೆ ಅಲುಗದೆ, ಒಟ್ಟು ನಾಲ್ಕರಿಂದ ಆರು ಗಂಟೆ ಹಾಸಿಗೆಯಲ್ಲೇ ಇರುವುದು ನನಗೆ ಬಲು ಯಾತನೆಯಾಯಿತು. ಮಲಗಿಸುವ ಮೊದಲೇ ಭುಜದ ನೋವಿನ ವಿಷಯ ಹೇಳಿ, ಮೊಣಕೈ ಕೆಳಗೆ ದಿಂಬು ಕೇಳು. ನರ್ಸ್ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿಪಿ ನೋಡಿದರೆ ಬೇಸರಪಡಬೇಡ. ರಕ್ತಸ್ರಾವವಾದರೆ ಮೊದಲು ಗೊತ್ತಾಗುವುದು ಅದರಿಂದಲೇ. ಸಂಜೆ ನನಗೆ ಬಲಭುಜದ ತುದಿ ಹಿಡಿದಂತಾಗಿ, ಹೃದಯಕ್ಕೇನೋ ಆಯಿತೆಂದು ಅತ್ತುಬಿಟ್ಟೆ. ಯಕೃತ್ತಿನ ಮೇಲಿರುವ ವಪೆಗೂ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಭುಜಕ್ಕೂ ನರದ ಸಂಬಂಧವಿರುವುದರಿಂದ ಅಂಥ ನೋವು ಬರುವುದು ಸಾಮಾನ್ಯವೆಂದು ಆ ಆಸ್ಪತ್ರೆಯಲ್ಲಿ ಯಾರೂ ಮೊದಲೇ ಹೇಳಿರಲಿಲ್ಲ. ಇದನ್ನು ನಾನು ಇವತ್ತಿಗೂ ತಪ್ಪೆಂದೇ ಎಣಿಸುತ್ತೇನೆ.

ಗಂಭೀರ ರಕ್ತಸ್ರಾವ ಅಪರೂಪ. ಆದರೂ ಮನೆಗೆ ಬಂದ ಮೇಲೆ ಹೊಟ್ಟೆನೋವು ಏರುತ್ತಾ ಹೋದರೆ, ತಲೆಸುತ್ತಿ ಬೆವೆತರೆ, ಉಸಿರು ಕಟ್ಟಿದರೆ, ಜ್ವರ ಬಂದರೆ, ಮಲ ಕಪ್ಪಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗು. ಒಂದು ವಾರ ನೀರಿನ ಕೊಡ, ಮಗು, ಗ್ಯಾಸ್ ಸಿಲಿಂಡರ್ ಯಾವುದನ್ನೂ ಎತ್ತಬಾರದು.

ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಅದರಲ್ಲಿ ಯಕೃತ್ತಿಗೆ ಎಷ್ಟು ಪೆಟ್ಟಾಗಿದೆಯೆಂದು ತಿಳಿಸುವ ‘ರೋನಿಕ್’ ಎಂಬ ದರ್ಜೆ ಬರೆದಿರಬಹುದು. ಒಂದು, ಎರಡು ಎಂದಿದ್ದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಯುತ್ತದೆ, ನಾಲ್ಕು ಎಂದಿದ್ದರೆ ನಿಲ್ಲುತ್ತದೆ. ನಿಲ್ಲಿಸಿದರೂ ಕೀಲುಗಳಿಗೆ ಬೇರೆ ಔಷಧಗಳಿವೆ. ಅದಕ್ಕೆ ಮುಂಚೆ ಹೆದರಿ ನೀನಾಗಿಯೇ ಮಾತ್ರೆಯನ್ನಾಗಲೀ ಅದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ಅನ್ನಾಗಲೀ ಬಿಡಬೇಡ. ಹಾಗೆ ಮೂರು ತಿಂಗಳು ಬಿಟ್ಟಿದ್ದಕ್ಕೇ ನನ್ನ ಎಡಗೈಯ ಎರಡು ಬೆರಳು ಸೊಟ್ಟಗಾದವು, ನೀನು ನೋಡಿದ್ದೀಯಲ್ಲ.

ಭಾನುವಾರ ಸಂಜೆಯ ರೈಲಿಗೆ ಬರುತ್ತೇನೆ. ನನ್ನ ಹತ್ತಿಯ ಪುಟ್ಟ ದಿಂಬನ್ನು ನಿನ್ನ ಮೊಣಕೈಗೆಂದು ತರುತ್ತೇನೆ.

ಇಂತು ಆಶೀರ್ವಾದಗಳೊಡನೆ,
ನಿನ್ನ ದೊಡ್ಡಮ್ಮ